ಗುಬ್ಬಿಯಿಂದ ತಂದ ಮೋಟಾರು

ಮೋಟಾರು ಕೆಟ್ಟಾಗ ನಾವು ಮಾರ್ಕೋನಹಳ್ಳಿ ಜಲಾಶಯದ ನಡುನೀರಿನಲ್ಲಿದ್ದೆವು. ಅದು ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಸದ್ದು ಬಿಗಿಯಾಯಿತು, ಆಮೇಲೆ ಸುಟ್ಟ ಎಣ್ಣೆಯ ವಾಸನೆ ಬಂತು, ಕೊನೆಗೆ ಕಿರ್ರೆಂದು ಎಲ್ಲೋ ಒಳಗೆ ಕಚ್ಚಿಕೊಂಡು ಸುಮ್ಮನಾಯಿತು. ಅಂಬಿಗ ಹಗ್ಗ ಸುತ್ತಿ ಎಳೆದ. ಎರಡು ಕೈಯಲ್ಲಿ ಹಿಡಿದು, ಕಾಲೂರಿ ಎಳೆದರೂ ಹಗ್ಗ ಜಗ್ಗಲಿಲ್ಲ.

"ಹೋಯ್ತು ನರ್ಸಮ್ಮ. ಒಳಗೇ ಹಿಡ್ಕಂಡೈತೆ."

"ಸ್ವಲ್ಪ ಆರಿದ ಮೇಲೆ ನೋಡೋಣ."

"ಆರೋ ಅಂಥದ್ದಲ್ಲ ಬುಡಿ ಇದು."

ಆಷಾಢದ ಗಾಳಿ ನಮ್ಮನ್ನು ಆಗಷ್ಟೇ ಬಿಟ್ಟುಬಂದ ದಡಕ್ಕೇ ವಾಪಸ್ಸು ತಳ್ಳಿತು. ಜಾಲಿಮರಗಳ ಹತ್ತಿರ ದೋಣಿ ಕಟ್ಟಿ, ಇಂಜೆಕ್ಷನ್ ಪೆಟ್ಟಿಗೆಯನ್ನು ಅವನು ಹೊತ್ತು, ಏರಿಯ ಕಡೆಯಿಂದ ಸುತ್ತಿಬಳಸಿ ನಡೆದು ನಮ್ಮ ಆಸ್ಪತ್ರೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ನನ್ನ ಚಪ್ಪಲಿಯ ಒಂದು ಪಟ್ಟಿ ದಾರಿಯಲ್ಲೇ ಕಿತ್ತುಹೋಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಟ್ರಸ್ಟು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಆಚೆ ದಡದ ಹಳ್ಳಿಗಳಲ್ಲಿ ಕ್ಷಯರೋಗಿಗಳಿದ್ದರು. ವಾರಕ್ಕೆ ಎರಡು ದಿನ ಹೋಗಿ ಅವರಿಗೆ ಇಂಜೆಕ್ಷನ್ ಕೊಟ್ಟು, ಎದುರಿಗೇ ಮಾತ್ರೆ ನುಂಗಿಸಿ ಬರುವುದು ನನ್ನ ಕೆಲಸ. ಮಳೆಗಾಲದಲ್ಲಿ ಆ ಕಡೆಯ ಗಾಡಿದಾರಿಗೆ ಜೀಪು ಇಳಿಯುತ್ತಿರಲಿಲ್ಲ. ಉಳಿದದ್ದು ಹಾಯಿದೋಣಿ ಒಂದೇ. ಕುಣಿಗಲ್ಲಿನ ಒಬ್ಬ ನಿವೃತ್ತ ಎಂಜಿನಿಯರು ಹವ್ಯಾಸಕ್ಕೆಂದು ತಾವೇ ಕಟ್ಟಿ, ವಯಸ್ಸಾದ ಮೇಲೆ ಆಸ್ಪತ್ರೆಗೆ ಕೊಟ್ಟ ದೋಣಿ ಅದು. ಗಾಳಿ ನಮ್ಮ ದಡದಿಂದ ಆಚೆಗೆ ಬೀಸುತ್ತಿದ್ದುದರಿಂದ ಹೋಗುವಾಗ ಹಾಯಿ ಬಿಚ್ಚಿದರೆ ಸಾಕು. ಬರುವಾಗ ಅದೇ ಗಾಳಿಗೆ ಎದುರಾಗಿ ಬರಬೇಕು. ಹಾಯಿಯಲ್ಲೇ ಅಡ್ಡಡ್ಡ ಓಡಿಸಿ ಎದುರುಗಾಳಿಗೆ ಬರಬಹುದಂತೆ, ಆದರೆ ಅದಕ್ಕೆ ದೋಣಿಯ ತಳದಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಡಬೇಕು. ನಮ್ಮಲ್ಲಿ ಮುಳುಗಿದ ಮರದ ಬೊಡ್ಡೆಗಳಿಗೆ ತಗುಲಿ ಆ ಹಲಗೆ ಎಂದೋ ಮುರಿದಿತ್ತು. ಹಾಗಾಗಿ ಹಿಂಬದಿಗೆ ತಗುಲಿಹಾಕಿದ ಹಳೇ ಮೋಟಾರೇ ನಮ್ಮನ್ನು ಮನೆಗೆ ತರುತ್ತಿತ್ತು.

ಕ್ಷಯಕ್ಕೆ ಔಷಧಿ ಕೊಡುವವರಿಗೆ ಒಂದು ಕಷ್ಟವಿದೆ. ಎರಡು ತಿಂಗಳಾದ ಮೇಲೆ ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ರೋಗಿಗೆ ತಾನು ಗುಣವಾದೆ ಅನ್ನಿಸುತ್ತದೆ. ಆಗ ಒಂದೆರಡು ವಾರ ನಾವು ಹೋಗದಿದ್ದರೆ ಮುಗಿಯಿತು, ಮತ್ತೆ ತೋಳು ಚಾಚುವುದಿಲ್ಲ. ಆ ಸಲ ಹಾಗೆ ಕೈತಪ್ಪುವ ಅಂಚಿನಲ್ಲಿದ್ದವಳು ಬಾವಿಮನೆಯ ಸೊಸೆ. ಊರ ಬಾವಿಯ ಪಕ್ಕದ ಮನೆ, ಎರಡು ಸಣ್ಣ ಮಕ್ಕಳು. ಅವಳ ಅತ್ತೆ ಮೊದಲೇ ನನಗೆ ಹೇಳಿದ್ದಳು: "ಈಗ ಚೆನ್ನಾಗವ್ಳಲ್ಲವ್ವ. ಸುಮ್ಕೆ ಯಾಕೆ ಚುಚ್ಚೀಯ?"

ಅಂಬಿಗ ಮೀನುಗಾರರ ನೆರವಿನಿಂದ ದೋಣಿಯನ್ನು ಈಚೆ ದಡಕ್ಕೆ ತಂದ ಮೇಲೆ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಸಿ ತುಮಕೂರಿಗೆ ಒಯ್ದೆ. ನನ್ನ ಗಂಡ ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತರು, ಬಾಡಿಗೆ ರೂಮಿನಲ್ಲಿದ್ದು ಶನಿವಾರ ಮಾತ್ರ ಊರಿಗೆ ಬರುತ್ತಿದ್ದರು. ಪಂಪ್‌ಸೆಟ್ ಮಾರುವ, ರಿಪೇರಿ ಮಾಡುವ ಅಂಗಡಿಯೊಂದನ್ನು ಅವರೇ ವಿಚಾರಿಸಿಟ್ಟಿದ್ದರು. ಅಂಗಡಿಯಲ್ಲಿ ಮೋಟಾರನ್ನು ಬಿಚ್ಚಿ ತೋರಿಸಿದರು. ತಂಪಿಗೆಂದು ಕೆಳಗಿನಿಂದ ನೀರೆತ್ತುವ ಒಂದು ಸಣ್ಣ ರಬ್ಬರ್ ಚಕ್ರವಿರುತ್ತದೆ. ಅದರ ರೆಕ್ಕೆಗಳೆಲ್ಲ ಕಿತ್ತುಹೋಗಿ ಅಲ್ಲಿ ಬರೀ ಕೆಸರು ತುಂಬಿತ್ತು. ನೀರಿಲ್ಲದೆ ಕಾದು ಪಿಸ್ಟನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿತ್ತು.

"ಇದರ ಸಾಮಾನು ಎಲ್ಲೂ ಸಿಗಲ್ಲ ಮೇಡಂ," ಅಂದರು ಅಂಗಡಿಯ ಯಜಮಾನರು. "ಕಂಪನೀನೇ ಇಲ್ಲ ಈಗ. ಬೊಂಬಾಯಿಂದ ಬಂದಿರೋದು ಒಂದಿದೆ ನಮ್ಮತ್ರ. ಸೆಕೆಂಡ್ ಹ್ಯಾಂಡೇ, ಆದ್ರೆ ಹದಿನೈದು ಹೆಚ್.ಪಿ. ಹಿಂಗೆ ಹತ್ತಿ ಹಂಗೆ ಇಳೀತೀರ."

ನೀಲಿ ಬಣ್ಣದ ದೊಡ್ಡ ಮೋಟಾರು. ಅದನ್ನು ಎತ್ತಲು ಇಬ್ಬರು ಬೇಕಾಯಿತು. ನೋಡಿದರೆ ಯಾರಿಗಾದರೂ ಧೈರ್ಯ ಬರುವಂತಿತ್ತು. ಬಂದು ಡಾಕ್ಟರಿಗೆ ಹೇಳಿದೆ. ಅವರು ಬಿಳಿ ಕೂದಲಿನ, ಮಾತು ಕಮ್ಮಿಯ ಮನುಷ್ಯ. ತಾಲ್ಲೂಕಿನ ಆ ಇಡೀ ಮೂಲೆಗೆ ಅವರೊಬ್ಬರೇ.

"ನೀವೇ ಆರಿಸಿ ಸಿಸ್ಟರ್. ಟ್ರಸ್ಟಿನವರಿಗೆ ನಾನು ಹೇಳ್ತೀನಿ. ಅದರಲ್ಲಿ ಕೂತ್ಕೊಂಡು ಹೋಗೋರು ನೀವು," ಎಂದರು. ಆಮೇಲೆ, "ಬೇಗ ಆಗ್ಬೇಕು ಅಷ್ಟೆ," ಎಂದು ಸೇರಿಸಿದರು.

ಬೇಗ ಆಗಲಿಲ್ಲ. ಈ ನಡುವೆ ಇಬ್ಬರು ಮೀನುಗಾರರನ್ನು ಕರೆದು ಹುಟ್ಟು ಹಾಕಿಸಿಕೊಂಡು ಒಮ್ಮೆ ಹೋಗಿಬಂದೆವು. ಬರುವಾಗ ಎದುರುಗಾಳಿಗೆ ಅವರ ಅಂಗೈ ಸುಲಿದುಹೋಯಿತು. ನಾನೂ ಸ್ವಲ್ಪ ಹೊತ್ತು ಹುಟ್ಟು ಹಿಡಿದೆ. ಮರುದಿನ ಸಿರಿಂಜು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಎರಡನೇ ಸಲ ಕರೆದಾಗ ಆ ಇಬ್ಬರು ಬರಲಿಲ್ಲ, ಬರುವುದಿಲ್ಲವೆಂದು ಹೇಳಿಕಳಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಕುಣಿಗಲ್ಲಿಗೆ ಹೋಗಿ ದೋಣಿ ಕಟ್ಟಿದ ಎಂಜಿನಿಯರನ್ನು ಕಂಡೆ. ಅವರು ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತಿದ್ದರು. ಹದಿನೈದು ಹೆಚ್.ಪಿ. ಎಂದ ಕೂಡಲೇ ಕನ್ನಡಕ ತೆಗೆದರು.

"ಬೇಡಮ್ಮ. ಆ ದೋಣಿ ನೀರನ್ನ ಸೀಳ್ಕೊಂಡು ಹೋಗೋದು, ನೀರಿನ ಮೇಲೆ ಹಾರೋದಲ್ಲ. ಅದರ ಉದ್ದಕ್ಕೆ ಇಷ್ಟೇ ವೇಗ ಅಂತ ಇರುತ್ತೆ. ಅದಕ್ಕಿಂತ ಜಾಸ್ತಿ ಶಕ್ತಿ ಕೊಟ್ರೆ ಹಿಂಭಾಗ ಮುಳುಗುತ್ತೆ, ಅಷ್ಟೆ. ನಾಲ್ಕು ಹೆಚ್.ಪಿ. ಸಾಕು. ಮೂರಾದ್ರೂ ಆದೀತು."

"ಅಂಗಡಿಯವರು ಟೆಂಪೋದಲ್ಲಿ ತಂದು ಕಟ್ಟಿ ತೋರಿಸ್ತೀವಿ ಅಂತಿದಾರೆ ಸಾರ್."

"ತೋರಿಸ್ಲಿ. ನಾನೂ ಬರ್ತೀನಿ."

ತೋರಿಸಿದರು. ಹಿಂಬದಿಯ ಹಲಗೆಗೆ ಮೋಟಾರು ಕಟ್ಟಿದ ಕೂಡಲೇ, ಯಾರೂ ಹತ್ತುವ ಮೊದಲೇ ದೋಣಿ ಹಿಂದಕ್ಕೆ ಬಾಗಿತು. ಅಂಬಿಗ ಮತ್ತು ಅಂಗಡಿಯ ಹುಡುಗರು ಹತ್ತಿ ಸ್ಟಾರ್ಟ್ ಮಾಡಿದರು. ಮೂತಿ ಮೇಲೆದ್ದಿತು, ಹಿಂದೆ ನೀರು ಅಂಚಿನವರೆಗೂ ಬಂತು. ಸದ್ದು ಊರಿಗೆಲ್ಲ ಕೇಳುವಂತಿತ್ತು, ಓಟ ಮಾತ್ರ ಹಳೆಯ ಮೋಟಾರಿನದ್ದೇ. ಇನ್ನಷ್ಟು ಕೊಟ್ಟಾಗ ಹಲಗೆ ಲಟಕ್ಕೆಂದಿತು. ದಡದಲ್ಲಿ ನಿಂತಿದ್ದ ಎಂಜಿನಿಯರು "ಸಾಕು, ಸಾಕು" ಎಂದು ಕೂಗಿ ಕೈ ಬೀಸಿದರು. ವಾಪಸ್ಸು ಬಂದ ದೋಣಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು.

"ದೋಣಿ ಹಳೇದು ಮೇಡಂ. ಇದಕ್ಕೆ ಸರಿಯಾದ ದೋಣಿ ಮಾಡಿಸ್ಕೊಳ್ಳಿ," ಎಂದು ಹೇಳಿ ಅಂಗಡಿಯವರು ಮೋಟಾರು ಕಟ್ಟಿಕೊಂಡು ಹೋದರು. ಹೊಸ ದೋಣಿಗೆ ಟ್ರಸ್ಟಿನವರು ಒಪ್ಪಿ, ಮಾಡಿಸಿ, ತರಿಸುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿರುತ್ತಿತ್ತು.

ಆಗ ಗುಬ್ಬಿಯ ಸುದ್ದಿ ಬಂತು. ಅಲ್ಲಿ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದವರೊಬ್ಬರ ಹತ್ತಿರ ಒಂದು ಸಣ್ಣ ಮೋಟಾರಿದೆ, ಆ ವ್ಯವಹಾರ ಬಿಟ್ಟಿದ್ದಾರೆ, ಮಾರುತ್ತಾರಂತೆ ಎಂದು ನನ್ನ ಗಂಡ ಹೇಳಿದರು. ಹೊರಡುವ ಮೊದಲು ಎಂಜಿನಿಯರ ಹತ್ತಿರ ಏನೇನು ನೋಡಬೇಕೆಂದು ಕೇಳಿಕೊಂಡೆ. ಅವರು ಬಹಳ ಹೇಳಿದರು. ಮುಖ್ಯವಾದದ್ದು ಇದು: "ಹೋದ ತಕ್ಷಣ ಅದರ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನೀವು ಬರೋದಕ್ಕೆ ಮುಂಚೆನೇ ಒಂದ್ಸಲ ಓಡಿಸಿದಾರೆ ಅಂತ ಅರ್ಥ. ತಣ್ಣಗಿದ್ದಾಗ ಸ್ಟಾರ್ಟ್ ಆಗೋದನ್ನ ನೋಡ್ಬೇಕು."

ಗುಬ್ಬಿಯ ಗುತ್ತಿಗೆದಾರರ ಹಿತ್ತಲಲ್ಲಿ ಒಂದು ತಗಡಿನ ಡ್ರಮ್ಮಿಗೆ ನೀರು ತುಂಬಿಸಿ, ಅದರ ಅಂಚಿಗೆ ಮೋಟಾರು ತಗುಲಿಸಿಟ್ಟಿದ್ದರು. ನಾನು ಹೋಗಿ ಕೈಯಿಟ್ಟೆ. ಬೆಚ್ಚಗಿತ್ತು.

"ಈಗ್ಲೇ ಎಳೀಬೇಡಿ," ಅಂದೆ. "ಆರ್ಲಿ."

ಗುತ್ತಿಗೆದಾರರು ನನ್ನ ಕಡೆ ನೋಡದೆ ನನ್ನ ಗಂಡನಿಗೆ ಹೇಳಿದರು: "ಯಾಕ್ ಸಾರ್? ಬಿಸಿಯಾಗಿದ್ರೆ ಒಳ್ಳೇದೇ ಅಲ್ವಾ?"

"ನಂಗೇನೂ ಗೊತ್ತಿಲ್ಲ ಸ್ವಾಮಿ. ಅವರನ್ನೇ ಕೇಳಿ," ಅಂದರು ಇವರು.

"ತಣ್ಣಗಿದ್ದಾಗ ಹೆಂಗೆ ಸ್ಟಾರ್ಟ್ ಆಗುತ್ತೆ ನೋಡ್ಬೇಕು. ವಾಪಸ್ ಬರುವಾಗ ನೀರಲ್ಲಿ ನಿಂತ್ಕೊಂಡು ಎಳೆಯೋರು ನಾವು."

ಗುತ್ತಿಗೆದಾರರ ಮುಖ ಸಪ್ಪಗಾಯಿತು. ಆದರೂ ಒಳಗಿನಿಂದ ಕಾಫಿ ತರಿಸಿದರು. ಕಾಯುತ್ತ ಕುಳಿತೆವು. ಆ ಹಿತ್ತಲ ಕಲ್ಲಿನ ಮೇಲೆ ಕುಳಿತಲ್ಲೇ ನನಗೆ ತೂಕಡಿಕೆ ಬಂತು. ಎಚ್ಚರವಾದಾಗ ಗುತ್ತಿಗೆದಾರರು ನನ್ನ ಗಂಡನ ಹತ್ತಿರ ಮೆಲ್ಲಗೆ, "ಮನೆಯೋರಿಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಆರಿದ ಮೇಲೆ ಎಳೆದರು. ಮೊದಲ ಎರಡು ಎಳೆತಕ್ಕೆ ಕೆಮ್ಮಿತು, ಮೂರನೆಯದಕ್ಕೆ ಹತ್ತಿಕೊಂಡಿತು. ಹಿಂದಿನ ಸಣ್ಣ ತೂತಿನಿಂದ ನೀರು ಹೊರಗೆ ಚಿಮ್ಮುತ್ತಿದೆಯೇ ಎಂದು ಬಗ್ಗಿ ನೋಡಿದೆ. ಚಿಮ್ಮುತ್ತಿತ್ತು, ಅಂದರೆ ತಂಪಿನ ನೀರು ಓಡಾಡುತ್ತಿತ್ತು. ನೀರೊಳಗೆ ತಿರುಗುವ ಫ್ಯಾನಿನ ಒಂದು ರೆಕ್ಕೆ ಸ್ವಲ್ಪ ಸವೆದಿತ್ತು. ಬೊಡ್ಡೆಗೆ ತಗುಲಿದರೆ ಫ್ಯಾನು ಮುರಿಯದ ಹಾಗೆ ಅದರ ನಡುವೆ ಒಂದು ಹಿತ್ತಾಳೆ ಪಿನ್ನು ಇರುತ್ತದೆ, ಏಟು ಬಿದ್ದರೆ ಅದು ತುಂಡಾಗುತ್ತದೆ. ಆ ಪಿನ್ನನ್ನು ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಸಬಹುದು. ನೀರೆತ್ತುವ ರಬ್ಬರ್ ಚಕ್ರ ಎರಡು ಹೆಚ್ಚಿಗೆ ಇದ್ದವು. ನನಗೆ ಹಿಡಿಸಿದ್ದು ಇದೇ. ಕೆಟ್ಟರೆ ಬೊಂಬಾಯಿಗೆ ಬರೆದು ಕಾಯುತ್ತ ಕೂರಬೇಕಾಗಿರಲಿಲ್ಲ.

ಒಂದೇ ಕೊರತೆ. ಬ್ಯಾಗಿನಲ್ಲಿ ಬಸುರಿಯರ ಹೊಟ್ಟೆ ಅಳೆಯುವ ಟೇಪಿತ್ತು. ತೆಗೆದು ಮೋಟಾರಿನ ಕಾಲಿನ, ಎಂದರೆ ನೀರಿಗೆ ಇಳಿಯುವ ಭಾಗದ, ಉದ್ದ ಅಳೆದೆ. ನಮ್ಮ ದೋಣಿಯ ಹಿಂಬದಿ ಎತ್ತರ. ಈ ಮೋಟಾರಿನ ಕಾಲು ಹಳೆಯದಕ್ಕಿಂತ ಸುಮಾರು ಅರ್ಧ ಗೇಣು ಗಿಡ್ಡ. ಫ್ಯಾನು ನೀರಿನಲ್ಲಿ ಆಳಕ್ಕೆ ಇಳಿಯುವುದಿಲ್ಲ. ಗೊತ್ತಿದ್ದೂ ತೆಗೆದುಕೊಂಡೆ. ಬೇರೆ ಇರಲಿಲ್ಲ.

ಹಿಂಬದಿ ಹಲಗೆಯನ್ನು ಕೊಯ್ದು ತಗ್ಗಿಸಬಹುದೇ ಎಂದು ಎಂಜಿನಿಯರನ್ನು ಕೇಳಿದೆ.

"ಗರಗಸ ಮುಟ್ಟಿಸ್ಬೇಡಿ," ಎಂದರು. ಆಮೇಲೆ, "ನನ್ನ ದೋಣಿ ಅಂತ ಹೇಳ್ತಿಲ್ಲಮ್ಮ. ಗಾಳಿ ಹಿಂದಿಂದ ಬರುವಾಗ ಅಲೆ ಅಲ್ಲಿಂದಾನೇ ಒಳಗೆ ಬರುತ್ತೆ. ನೀವು ಈಜೋದು ಬರದೇ ಇರೋರು," ಎಂದರು. ಬದಲಿಗೆ ಹಲಗೆಯ ಹೊರಗೆ ತಗ್ಗಾಗಿ ಕೂರುವ ಒಂದು ಮರದ ದಿಮ್ಮಿಯನ್ನು ತಾವೇ ಕೊರೆದು ಬೋಲ್ಟು ಹಾಕಿಕೊಟ್ಟರು. ಅದರಿಂದ ಸ್ವಲ್ಪ ಇಳಿಯಿತು. ಸಾಕಷ್ಟು ಇಳಿಯಲಿಲ್ಲ.

ಅದು ಸಾಲದೆಂಬುದು ಮೊದಲ ದಿನವೇ ಗೊತ್ತಾಯಿತು. ಇಂಜೆಕ್ಷನ್ ದಿನ. ಎಂದಿನಂತೆ ಬೆಳಗಿನ ಓಪಿಯಲ್ಲಿ ಹೊರರೋಗಿಗಳ ಕೆಲಸ ಅರ್ಧ ಮುಗಿಸಿ ಹತ್ತು ಗಂಟೆಯ ಮೇಲೆ ಹೊರಟೆವು. ಹಾಯಿಯಲ್ಲಿ ಆಚೆ ಸೇರಿದೆವು. ಶಾಲೆಯ ಜಗುಲಿಯಲ್ಲಿ ಕಾದು ಕುಳಿತೆ. ಬಂದವರು ಕೆಲವರೇ. ಬಾವಿಮನೆಯ ಸೊಸೆ ಬರಲಿಲ್ಲ. ಮಧ್ಯಾಹ್ನ ಮೋಟಾರು ಹಾಕಿ ಹೊರಟೆವು. ದಡದ ಹತ್ತಿರ ಚೆನ್ನಾಗಿಯೇ ಓಡಿತು. ನಡುವಿನ ಅಲೆಗಳಿಗೆ ಬಂದ ಮೇಲೆ ದೋಣಿಯ ಮೂತಿ ತಗ್ಗಿದಾಗಲೆಲ್ಲ ಹಿಂಭಾಗ ಎದ್ದು, ಫ್ಯಾನು ನೀರಿನಿಂದ ಹೊರಬಂದು ಕಿರುಚತೊಡಗಿತು. ಪ್ರತಿ ಸಲ ಅಂಬಿಗ ವೇಗ ಇಳಿಸಬೇಕು, ಇಳಿಸಿದರೆ ಗಾಳಿ ಹಿಂದಕ್ಕೆ ತಳ್ಳುತ್ತದೆ. ಎದುರು ದಡದಲ್ಲಿ ನಮ್ಮ ಆಸ್ಪತ್ರೆಯ ಹೆಂಚಿನ ಮಾಡು ಕಾಣುತ್ತಿತ್ತು. ಬಹಳ ಹೊತ್ತು ಅದು ಇದ್ದಲ್ಲೇ ಇತ್ತು.

"ಪೆಟ್ರೋಲು ಸುಮ್ಕೆ ಉರೀತೈತೆ ನರ್ಸಮ್ಮ. ಏನ್ ಮಾಡಾನ?"

"ತಿರುಗಿಸು," ಅಂದೆ. ಸೀರೆಯೆಲ್ಲ ನೆನೆದಿತ್ತು. ನಾನೇ ಆರಿಸಿ ತಂದ ಮೋಟಾರು.

ಆ ಒದ್ದೆ ಬಟ್ಟೆಯಲ್ಲಿ ಮತ್ತೆ ಏರಿ ಸುತ್ತಿ ನಡೆಯುವುದು ಆಗದ ಮಾತು. ಅಂಬಿಗ ದೋಣಿಯ ಹತ್ತಿರವೇ ಉಳಿದ. ನಾನು ಬಾವಿಮನೆಗೆ ಹೋದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಒಣ ಸೀರೆ ತಂದುಕೊಟ್ಟಳು. ಸೊಸೆ ಒಲೆಯ ಮುಂದಿದ್ದಳು. ಅವಳ ಕೆಮ್ಮು ಕೇಳಿದ ಕೂಡಲೇ ನನಗೆ ತಿಳಿಯಿತು. ಕೆಮ್ಮು ತಿರುಗಿ ಬಂದಿತ್ತು.

"ಯಾವಾಗಿಂದ?"

"ನೀವ್ ಬರದು ನಿಂತ್ರಲ್ಲ, ಅದಾದ್ಮೇಲೆ," ಅಂದಳು. "ನಿನ್ನೆ ರಕ್ತಾನೂ ಬಂತು. ಅತ್ತೆಗೆ ಹೇಳಿಲ್ಲ."

ಅತ್ತೆ ಹಿಂದೆಯೇ ನಿಂತಿದ್ದಳು. ಅವಳು ಗೋಡೆ ಹಿಡಿದು ಅಲ್ಲೇ ಕುಳಿತುಬಿಟ್ಟಳು.

ಬೆಳಗಿನ ಜಾವ ಮಾತಿನ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಜಗುಲಿಯ ಮೇಲೆ ಹೆಂಗಸರು, ಗಂಡಸರು ಕುಳಿತಿದ್ದರು. ಕೆಲವರ ಕೈಯಲ್ಲಿ ಕುಡುಗೋಲು, ಕೆಲವರ ಸೊಂಟದಲ್ಲಿ ಬುತ್ತಿ. ನಾನು ಊರಲ್ಲೇ ಉಳಿದ ಸುದ್ದಿ ಹಬ್ಬಿತ್ತು. ಶಾಲೆಯ ಜಗುಲಿಯಲ್ಲಿ ನಾನು ಎಷ್ಟೋ ಸಲ ಕಾದು, ಬರಲಿಲ್ಲವೆಂದು ಬೈದುಕೊಂಡ ಮುಖಗಳು.

"ಹನ್ನೊಂದು ಗಂಟೆಗೆ ಬಾ ಅಂತೀರ," ಅಂದ ಒಬ್ಬ. "ಆ ಹೊತ್ತಲ್ಲಿ ನಾವು ಯಾರದೋ ಗದ್ದೇಲಿರ್ತೀವಿ. ಕೂಲಿ ಬುಟ್ಟು ಹೆಂಗೆ ಬರಾನ? ಈಗ ಚುಚ್ಚಿ, ಹೋಯ್ತೀವಿ."

ಪೆಟ್ಟಿಗೆ ನನ್ನ ಹತ್ತಿರವೇ ಇತ್ತು. ಅತ್ತೆ ಒಲೆ ಹಚ್ಚಿ ನೀರು ಕುದಿಸಿದಳು, ಸೂಜಿಗಳನ್ನು ಬೇಯಿಸಿದೆ. ಬಾವಿಮನೆಯ ಸೊಸೆಗೆ ಕೊನೆಯಲ್ಲಿ ಕೊಟ್ಟೆ. ಡಾಕ್ಟರು ಕಫ ನೋಡಬೇಕು, ಬಹುಶಃ ಪೂರ್ತಿ ಮೊದಲಿನಿಂದ ಶುರುಮಾಡಬೇಕು ಎಂದೆ.

"ಮೊದ್ಲಿಂದ್ಲಾ?"

"ಹೂಂ. ಒಂದು ವರ್ಷಕ್ಕೂ ಮೇಲೆ."

ಅವಳು ತೋಳು ಉಜ್ಜಿಕೊಂಡಳು. ಆಮೇಲೆ ಅತ್ತೆಯೇ ಹೇಳಿದಳು: "ನೀನ್ ಬಾರವ್ವ. ಅವ್ಳನ್ನ ನಾನ್ ಕೂರುಸ್ತೀನಿ."

ದಡಕ್ಕೆ ಬಂದೆ. ಹಿಂದಿನ ಮಧ್ಯಾಹ್ನ ನಮ್ಮನ್ನು ಒದ್ದೋಡಿಸಿದ್ದ ನೀರು ಅಲುಗದೆ ಬಿದ್ದುಕೊಂಡಿತ್ತು. ಅಂಬಿಗ ಹಗ್ಗ ಎಳೆದ. ಅದೇ ಗಿಡ್ಡಕಾಲಿನ ಮೋಟಾರು, ಒಮ್ಮೆಯೂ ಕಿರುಚದೆ, ಹಿಂದೆ ಒಂದು ಗೆರೆ ಎಳೆದುಕೊಂಡು ನಮ್ಮನ್ನು ತಂದು ದಡ ಸೇರಿಸಿತು. ಓಪಿಯ ಬಾಗಿಲು ಇನ್ನೂ ತೆರೆದಿರಲಿಲ್ಲ.

ದಾರಿಯಲ್ಲೇ ನಾನು ತೀರ್ಮಾನಿಸಿದ್ದೆ. ಮಧ್ಯಾಹ್ನದ ಗಾಳಿಯನ್ನು ಗೆಲ್ಲುವ ಮೋಟಾರು ಹುಡುಕುವುದು ಸಾಕು. ಸಂಜೆ ಗಾಳಿ ಇರುವಾಗಲೇ ಹಾಯಿಯಲ್ಲಿ ಆಚೆಗೆ ಹೋಗುವುದು, ಅಲ್ಲೇ ಮಲಗುವುದು, ಜನ ಕೂಲಿಗೆ ಹೊರಡುವ ಮೊದಲು ಇಂಜೆಕ್ಷನ್ ಕೊಡುವುದು, ಗಾಳಿ ಏಳುವ ಮೊದಲು ವಾಪಸ್ಸು ಬಂದು ಓಪಿಗೆ ಕೂರುವುದು. ಓಪಿಯ ಹೊತ್ತಿಗೆ ಬರೀ ಹುಟ್ಟು ಹಾಕಿ ಬಂದು ಮುಟ್ಟಲಾಗುವುದಿಲ್ಲ. ಗುಬ್ಬಿಯ ಮೋಟಾರಿಗೆ ಅದು ಸಲೀಸು.

ಡಾಕ್ಟರು ಕೇಳಿ ಮುಖ ಗಂಟಿಕ್ಕಿದರು. "ವಾರಕ್ಕೆ ಎರಡು ರಾತ್ರಿ ಮನೆ ಬಿಟ್ಟು ಇರ್ತೀರಾ? ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ರಾತ್ರಿ ಅಲ್ಲಿ, ಹಗಲು ಇಲ್ಲಿ ಓಪಿ. ಎಷ್ಟು ದಿನ ತಡೀತೀರ ಸಿಸ್ಟರ್?"

"ಬಾವಿಮನೆ ಹುಡುಗಿಗೆ ಮತ್ತೆ ರಕ್ತ ಬಂದಿದೆ ಸಾರ್."

ಅವರು ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ಕಫ ತಂದಿದೀರಾ?" ಎಂದರು. ತಂದಿದ್ದೆ. ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಲೇ ಇಲ್ಲ. ಮುಂದಿನ ಸಲ ಸಂಜೆ ಹೊರಡುವಾಗ ತಮ್ಮ ಟಾರ್ಚನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟು ಹೋದರು.

ಶನಿವಾರ ಬಂದ ನನ್ನ ಗಂಡ, "ದೊಡ್ಡದನ್ನೇ ತಗೊಂಡು ಹೊಸ ದೋಣಿ ಕೇಳಿದ್ರೆ ನಿಂಗೆ ಈ ಪಾಡಿರ್ತಿರ್ಲಿಲ್ಲ," ಅಂದರು. ಅದೂ ನಿಜವೇ ಇರಬಹುದು.

ಹಾಗೆ ಶುರುವಾದದ್ದು ಮುಂದಿನ ಮಳೆಗಾಲ ದಾಟಿ ನಡೆಯಿತು. ಮೋಟಾರು ಆಗಾಗ ಪಿನ್ನು ಮುರಿದುಕೊಂಡಿತು. ರಬ್ಬರ್ ಚಕ್ರವನ್ನು ಒಮ್ಮೆ ಬದಲಾಯಿಸಿದೆವು. ಅಷ್ಟು ಬಿಟ್ಟರೆ ನೀರಿನ ನಡುವೆ ಕೈಕೊಡಲಿಲ್ಲ. ಎಂಜಿನಿಯರು ಒಂದೆರಡು ಸಲ ಬಂದು ಹಿಂಬದಿ ಹಲಗೆಯನ್ನು ತಟ್ಟಿ ನೋಡಿ ಹೋದರು. ಬಾವಿಮನೆಯ ಸೊಸೆಯನ್ನು ಅತ್ತೆ ಹೇಳಿದಂತೆ ಪ್ರತಿ ಸಲವೂ ತಂದು ಕೂರಿಸಿದಳು. ಅವಳ ಕಫದಲ್ಲಿ ಕೊನೆಗೂ ರೋಗಾಣು ಕಾಣದಾಯಿತು. ನಾನು ಮಾತ್ರ ಕೂತಲ್ಲಿ ನಿಂತಲ್ಲಿ ನಿದ್ದೆ ಮಾಡುವವಳಾದೆ. ಬಸ್ಸಿನಲ್ಲಿ, ಓಪಿಯಲ್ಲಿ ಇಬ್ಬರು ರೋಗಿಗಳ ನಡುವೆ, ಅನ್ನ ಬೇಯುವ ಒಲೆಯ ಮುಂದೆ.

ಅವಳಿಗೆ ಕೊನೆಯ ಇಂಜೆಕ್ಷನ್ ಕೊಟ್ಟ ಬೆಳಿಗ್ಗೆ ದೋಣಿ ಹತ್ತಿದ್ದು ನೆನಪಿದೆ, ಮೋಟಾರು ಸ್ಟಾರ್ಟ್ ಆದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಯಾವ ಸದ್ದೂ ಇರಲಿಲ್ಲ. ದೋಣಿ ನಮ್ಮ ದಡದಲ್ಲಿ ಕಟ್ಟಿತ್ತು. ಮುಖಕ್ಕೆ ಬಿಸಿಲು ಬೀಳದಂತೆ ಹಾಯಿಯನ್ನು ಯಾರೋ ಅಡ್ಡಲಾಗಿ ಬಿಗಿದಿದ್ದರು. ಅದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಅಂದರೆ ಹೊತ್ತು ಬಹಳ ಏರಿತ್ತು. ಗಾಬರಿಯಿಂದ ಎದ್ದು ಕುಳಿತೆ. ಅಂಬಿಗ ದಡದಲ್ಲಿ ಬೀಡಿ ಸೇದುತ್ತಿದ್ದ.

"ಯಾಕೆ ಎಬ್ಬಿಸ್ಲಿಲ್ಲ? ಓಪಿ!"

"ಡಾಕ್ಟ್ರು ಬಂದಿದ್ರು. ನಿಂತ್ಕಂಡು ನೋಡುದ್ರು. ಎಬ್ಬಿಸ್ಬ್ಯಾಡ ಅಂದ್ರು," ಎಂದ ಅವನು. "ನಿಮ್ ಕುರ್ಚೀಲಿ ಅವ್ರೇ ಕುಂತವ್ರೆ. ಮಲಿಕ್ಕಳಿ."